ಹಿಡಿಯೋ ಕೈ, ಕುಯ್ಯೋ ಕೈ, ಬಡಿಸೋ ಕೈ

ಬಾಡು ಕುಯ್ಯೋದು ಕತ್ತಿ ಕೆಲಸ ಅಂತ ಎಂದೂ ಕುಯ್ಯದವರು ಅಂದ್ಕೊಂಡಿರ್ತಾರೆ. ಅಲ್ಲ ಕಣ್ರಪ್ಪ. ಅದು ಹಿಡ್ಕೊಳ್ಳೋ ಕೈ ಕೆಲಸ. ಕತ್ತಿ ಎಷ್ಟೇ ಮಸೆದಿರಲಿ, ಹಿಡಿದಿದ್ದು ಜಾರಿದ್ರೆ ಏಟು ಕೀಲಿಗೆ ಬೀಳಲ್ಲ, ಬೆರಳಿಗೆ ಬೀಳುತ್ತೆ.

ಮೊನ್ನೆ ನಮ್ಮ ಗುಂಪಿನ ಹುಡುಗನೊಬ್ಬ ಒಂದು ವಿಡಿಯೋ ಕಳಿಸಿದ್ದ. ಯಾವುದೋ ದೊಡ್ಡ ಹೋಟೆಲು. ಬಿಳಿ ಟೋಪಿಯ ಬಾಣಸಿಗ ಇಡೀ ಕುರಿ ತೊಡೆಯನ್ನ ಎರಡು ಹಲ್ಲಿನ ಉದ್ದನೆ ಫೋರ್ಕಿನಿಂದ ಚುಚ್ಚಿ, ಅಲ್ಲಾಡದಂಗೆ ಹಿಡಿದು, ತೆಳ್ಳಗೆ ಹೆರೆದು ತಟ್ಟೆಗೆ ಹಾಕ್ತಾನೆ. ಸುತ್ತ ನಿಂತವರು ಚಪ್ಪಾಳೆ ಹೊಡೀತಾರೆ. 'ಅಣ್ಣ, ಇಂಥಾ ಕಲೆ ನಮ್ಮಲ್ಲಿ ಯಾಕಿಲ್ಲ?' ಅಂತ ಕೇಳಿದ್ದ. ಎರಡು ಸಾಲಲ್ಲಿ ಉತ್ತರ ಬರೆಯೋಣ ಅಂತ ಕೂತೆ, ಆಗಲಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ಕಲೆ ಇತ್ತು ತಮ್ಮ. ಚಪ್ಪಾಳೆ ಇರಲಿಲ್ಲ.

ನಂದು ಮರಳವಾಡಿ ಹೋಬಳಿ. ನಮ್ಮ ಕಡೆ ಬಾಡು ಕುಯ್ಯೋಕೆ ಬೇಕಾದ ಮೊದಲ ಸಾಮಾನು ಕತ್ತಿಯಲ್ಲ, ಕೊರಡು. ಹುಣಸೆ ಮರದ ಬುಡದ ತುಂಡು. ಹುಣಸೆ ಯಾಕೆ ಅಂದ್ರೆ ಅದರ ಮರ ಗಟ್ಟಿ, ಏಟಿಗೆ ಬೇಗ ಸಿಬಿರೇಳಲ್ಲ, ಬಾಡಿಗೆ ಮರದ ಪುಡಿ ಹತ್ತಲ್ಲ. ಕೊರಡಿನ ಅಡಿಗೆ ಒದ್ದೆ ಗೋಣಿಚೀಲ ಮಡಿಸಿ ಹಾಕ್ತಾರೆ, ಏಟಿಗೆ ಕುಣೀಬಾರದು ಅಂತ. ಹಿಡಿಯೋನು ಕೈಗೆ ಒಲೆ ಬೂದಿ ಸವರ್ಕೋತಾನೆ. ಹಸಿ ಬಾಡು, ಅದರಲ್ಲೂ ಕೊಬ್ಬು ಅಂಟಿದ ಬಾಡು, ಮೀನಿನಂಗೆ ಜಾರುತ್ತೆ. ಬೂದಿ ಇದ್ರೆ ಹಿಡಿತ ಸಿಗುತ್ತೆ.

ಒಬ್ಬನೇ ಕುಯ್ಯೋದಾದ್ರೆ ಇನ್ನೊಂದು ರೀತಿ. ಕುಕ್ಕರಗಾಲಲ್ಲಿ ಕೂತು, ಕತ್ತಿ ಹಿಡಿಯನ್ನ ಕಾಲಲ್ಲಿ ಒತ್ತಿ, ಬಾಯಿ ಮೇಲೆ ಮಾಡಿ ನಿಲ್ಲಿಸಿ, ಎರಡೂ ಕೈಲಿ ಬಾಡು ಹಿಡಿದು ಕತ್ತಿಗೆ ಕೊಡೋದು. ಇಲ್ಲಿ ಓಡಾಡೋದು ಬಾಡು, ಅಲ್ಲಾಡದೆ ಇರೋದು ಕತ್ತಿ. ನಮ್ಮವ್ವ ಈಳಿಗೆಮಣೆ ಮೇಲೆ ಮಾಡ್ತಿದ್ದದ್ದೂ ಇದನ್ನೇ. ಮೈಭಾರವನ್ನೆಲ್ಲ ಮಣೆ ಮೇಲೆ ಬಿಟ್ಟು, ಒಂದು ಮಂಡಿ ಮಡಿಸಿ ಕೂತ್ರೆ, ಆ ಮಣೆ ನೆಲಕ್ಕೆ ಮೊಳೆ ಹೊಡೆದಂಗೆ ನಿಲ್ತಿತ್ತು. ಬೋಟಿ ಕುಯ್ಯೋವಾಗ ಮಾತ್ರ ಇಬ್ಬರು ಬೇಕು. ಒಬ್ಬರು ತುದಿ ಎಳೆದು ಹಿಡೀಬೇಕು, ಇನ್ನೊಬ್ಬರು ಕುಯ್ಯಬೇಕು. ಮಕ್ಕಳಿದ್ದಾಗ ತುದಿ ಹಿಡಿಯೋ ಕೆಲಸ ನಮಗೇ. 'ಬುಡ್ಬ್ಯಾಡ, ಬಿಗೀಯಾಗಿ ಇಡ್ಕೊ' ಅನ್ನೋದು ನಾವು ಮೊದಲು ಕಲಿತ ಪಾಠ. ಅ ಆ ಇ ಈ ಆಮೇಲೆ ಬಂತು.

ಹಿಟ್ಟು ತೊಳಸೋದಕ್ಕೂ ಇದೇ ಮಾತು. ರಾಗಿ ಹಿಟ್ಟು ಕುದಿಯೋ ಎಸರಲ್ಲಿ ಬೆಂದು ಗಟ್ಟಿಯಾದಾಗ ಕೋಲು ತಿರುವಿದ್ರೆ ಪಾತ್ರೆಯೇ ತಿರುಗಿಬಿಡುತ್ತೆ. ಅದಕ್ಕೆ ಕವೆಗೋಲು. ಕವಲೊಡೆದ ಒಂದು ಕೋಲಿನ ಬಾಯಿಗೆ ಪಾತ್ರೆಯ ಅಂಚು ಕಚ್ಚಿಸಿ, ಇನ್ನೊಂದು ತುದಿಯನ್ನ ಕಾಲಲ್ಲಿ ಮೆಟ್ಟಿ ಹಿಡಿದ್ರೆ ಪಾತ್ರೆ ಕದಲಲ್ಲ. ಮುದ್ದೆ ಗಂಟಿಲ್ಲದೆ ಬಂದಿದೆ ಅಂತ ಹೊಗಳೋರು ತೊಳಸಿದ ಕೈನ ಹೊಗಳ್ತಾರೆ. ಕವೆಗೋಲು ಮೆಟ್ಟಿದ ಕಾಲನ್ನ ಯಾರೂ ನೋಡಿರಲ್ಲ.

ಅಂದ್ರೆ ಪ್ರತಿ ಊಟದ ಹಿಂದೆ ಮೂರು ಕೈ ಇರ್ತವೆ. ಹಿಡಿಯೋ ಕೈ, ಕುಯ್ಯೋ ಕೈ, ಬಡಿಸೋ ಕೈ. ನಮ್ಮ ದೇಶದಲ್ಲಿ ಜಾತಿ ಅನ್ನೋದು ಈ ಮೂರು ಕೈಯನ್ನ ಬೇರೆ ಬೇರೆ ಮಾಡಿ ಇಟ್ಟಿದೆ. ಅದು ಹೆಂಗೆ ಅಂತ ನಾನು ಪುಸ್ತಕ ಓದಿ ಕಲಿತದ್ದಲ್ಲ. ನಮ್ಮಯ್ಯನ ಹಿಂದೆ ಓಡಾಡಿ ಕಲಿತದ್ದು.

ನಮ್ಮ ಸೀಮೆಯಲ್ಲಿ ಮದುವೆ ಆದಮೇಲೆ ಬೀಗರೂಟ ಅಂತ ಮಾಡ್ತಾರೆ, ಎಲ್ಲರಿಗೂ ಗೊತ್ತು. ಊರಲ್ಲಿ ಅನುಕೂಲಸ್ಥರ ಮನೆ ಬೀಗರೂಟ ಅಂದ್ರೆ ಹಿಂದಿನ ರಾತ್ರೀನೇ ಕೇರಿಗೆ ಹೇಳಿಕೆ ಬರೋದು. 'ಇಡಿಯಾಕೆ ಬಾರ್ಲಾ.' ಕುಯ್ಯೋಕೆ ಅಲ್ಲ, ಹಿಡಿಯೋಕೆ. ಬೆಳಗಿನ ಜಾವ ಮೂರಕ್ಕೆ ಎದ್ದು ನಮ್ಮಯ್ಯ ಹೋಗೋರು. ಕುರಿ ಹಿಡಿಯೋದು, ಚರ್ಮ ಸುಲಿಯೋವಾಗ ಕಾಲು ಹಿಡಿಯೋದು, ಆಮೇಲೆ ತೊಡೆಗಳನ್ನ ಕೊರಡಿನ ಮೇಲೆ ಒತ್ತಿ ಹಿಡಿಯೋದು. ಹತ್ತಾರು ಕುರಿ. ಹೊತ್ತು ಹುಟ್ಟೋ ಹೊತ್ತಿಗೆ ಅವರ ತೋಳು ಎದೆಯೆಲ್ಲ ಬಾಡಿನ ವಾಸನೆ. ಮಗು ಎತ್ಕೊಂಡಂಗೆ ಎತ್ಕೊಂಡು ಕೊಟ್ಟಿರೋರು ಒಂದೊಂದು ತೊಡೇನ.

ಬಾಡು ಒಲೆ ಮೇಲಕ್ಕೆ ಏರಿತು ಅಂದ್ರೆ ಮುಗೀತು. ಆಮೇಲೆ ಆ ಪಾತ್ರೆ ಹತ್ರ ನಮ್ಮಯ್ಯ ಹೋಗಂಗಿಲ್ಲ. ಹಸಿ ಬಾಡಿಗೆ ಇಲ್ಲದ ಮೈಲಿಗೆ ಬೆಂದ ಬಾಡಿಗೆ ಬಂದುಬಿಡ್ತಿತ್ತು. ಬೆಂಕಿ ಎಲ್ಲಾನೂ ಶುದ್ಧ ಮಾಡುತ್ತೆ ಅಂತ ಹೇಳೋದೂ ಇದೇ ಜನ. ಚಿಕ್ಕವನಾಗಿದ್ದಾಗ ನನಗೆ ಇದು ಒಗಟಾಗಿತ್ತು. ಈಗ ಇಲ್ಲ. ದುಡಿಮೆ ಬೇಕಾದಾಗ ಮುಟ್ಟಬಹುದು, ಊಟ ಹಂಚೋವಾಗ ಮುಟ್ಟಬಾರದು. ಅಷ್ಟೇ ಶಾಸ್ತ್ರ.

ಪಂಕ್ತಿ ಎದ್ದಮೇಲೆ ಹಿತ್ತಲಲ್ಲಿ ನಮಗೆ ಎಲೆ. ಅಲ್ಲಿ ಬಡಿಸೋ ರೀತಿ ನೋಡಬೇಕಿತ್ತು. ಬಡಿಸೋನು ಬಗ್ಗೋದಿಲ್ಲ. ನಿಂತ ನಿಲುವಲ್ಲೇ ಮುದ್ದೆ ಬಿಡ್ತಾನೆ, ಸೌಟು ಎರಡಡಿ ಮೇಲೇ ಇರುತ್ತೆ. ಸಾರು ಅಷ್ಟು ಎತ್ತರದಿಂದ ಬಿದ್ರೆ ಏನಾಗುತ್ತೆ? ಎಲೆ ಮೇಲೆ ನಿಲ್ಲಲ್ಲ. ಮುಖಕ್ಕೆ ಸಿಡಿಯುತ್ತೆ, ಮಣ್ಣಿಗೆ ಹರಿಯುತ್ತೆ, ತುಂಡು ಪುಟಿದು ಆಚೆ ಬೀಳುತ್ತೆ. ನಮ್ಮವ್ವ ನಮಗೆ ಒಂದು ಉಪಾಯ ಕಲಿಸಿದ್ರು. ಎಡಗೈಲಿ ಎಲೆ ಅಂಚು ಒತ್ತಿ ಹಿಡ್ಕೋಬೇಕು, ಮುದ್ದೆ ಬಿದ್ದ ತಕ್ಷಣ ಅದರ ಒಂದು ಚೂರು ಮುರಿದು ಸುತ್ತ ಬದು ಕಟ್ಟಬೇಕು, ಆಮೇಲೆ ಸಾರಿಗೆ ಕಾಯಬೇಕು. ಗದ್ದೆಗೆ ನೀರು ನಿಲ್ಲಿಸೋಕೆ ಕಟ್ತೀವಲ್ಲ, ಅದೇ ಬದು. ಎಲೆ ಮೇಲಿನ ಸಾರು ಉಳಿಸ್ಕೊಳ್ಳೋಕೂ ಬದು ಕಟ್ಟಬೇಕಾದ ಜನ ನಾವು.

ನಾನು ಹೇಳಬೇಕಾದ್ದು ಇದೇ. ಊಟ ಅಲ್ಲಾಡದೆ, ಚೆಲ್ಲದೆ, ಕೆಡದೆ ಎಲೆ ಮುಟ್ಟಬೇಕು ಅಂದ್ರೆ ಇರೋದು ಒಂದೇ ದಾರಿ, ಹತ್ತಿರ ಬರೋದು. ಹಿಡಿಯೋ ಕೈ ಕುಯ್ಯೋ ಕೈಗೆ ಹತ್ತಿರ ಇರಬೇಕು. ಸೌಟು ಎಲೆಗೆ ಹತ್ತಿರ ಬರಬೇಕು. ಅಸ್ಪೃಶ್ಯತೆ ಅಂದ್ರೆ ಹತ್ತಿರ ಬರಬೇಡ ಅನ್ನೋ ಕಾನೂನು. ಆ ಕಾನೂನು ಇರೋ ಕಡೆ ಅನ್ನ ಯಾವತ್ತೂ ನೆಟ್ಟಗೆ ಬಡಿಸಲಾಗಲ್ಲ.

ಈಗ ಕೇರಿ ಕಡೆ ಬನ್ನಿ.

ಯುಗಾದಿ ಮಾರನೇ ದಿನ ಹೊಸತೊಡಕು. ರಾಮನಗರ, ಮಂಡ್ಯ, ಬೆಂಗಳೂರು ಸೀಮೆಯವರಿಗೆ ಇದನ್ನ ಬಿಡಿಸಿ ಹೇಳೋದು ಬೇಡ. ವರ್ಷವಿಡೀ ತಿಂಗಳಿಗಿಷ್ಟು ಅಂತ ಚೀಟಿ ಕಟ್ಟಿ, ಹತ್ತು ಹದಿನೈದು ಮನೆಯವರು ಸೇರಿ ಕುರಿನೋ ಮೇಕೆನೋ ತಂದು, ಗುಡ್ಡೆಬಾಡು ಹಾಕ್ತಾರೆ. ನಮ್ಮ ಕೇರಿ ಗುಡ್ಡೆಗೆ ತಕ್ಕಡಿ ಇರಲಿಲ್ಲ. 20 ಕೆಜಿ ತೂಗೋ ಕುರಿಯಲ್ಲಿ ಬಾಡು ಅರ್ಧದಷ್ಟು ಸಿಕ್ಕಿದ್ರೆ ಹೆಚ್ಚು. ಅದರಲ್ಲಿ ಮೆತ್ತನೆ ಬಾಡು ಬೇರೆ, ಮೂಳೆ ಬೇರೆ, ಈಲಿ ಬೇರೆ, ಬೋಟಿ ಬೇರೆ, ಕೊಬ್ಬು ಬೇರೆ. ತೂಕ ಒಂದೇ ಆದ್ರೂ ಗುಡ್ಡೆ ಒಂದೇ ಅಲ್ಲ. ಅದಕ್ಕೆ ಬಾಳೆಎಲೆ ಸಾಲಾಗಿ ಹಾಸಿ, ಎಲ್ಲ ಎಲೆಗೂ ಒಂದೊಂದು ತುಂಡು ಈಲಿ ಮೊದಲು, ಆಮೇಲೆ ಬೋಟಿ, ಆಮೇಲೆ ಮೂಳೆ, ಕೊನೆಗೆ ಮೆತ್ತನೆ ಬಾಡು, ಹಿಂಗೆ ಸುತ್ತು ಬರ್ತಾ ಬರ್ತಾ ಗುಡ್ಡೆ ಏರೋದು. ಕಡಿಮೆ ಕಂಡ ಗುಡ್ಡೆಗೆ ಎದುರಿನವರೇ ತಮ್ಮದರಿಂದ ತೆಗೆದು ಇಡೋರು.

ಹಂಚೋ ರೀತಿ ಇನ್ನೂ ಚೆನ್ನ. ಗುಡ್ಡೆ ಹಾಕಿದವನು ಬೆನ್ನು ತಿರುಗಿಸಿ ನಿಲ್ಲಬೇಕು. ಇನ್ನೊಬ್ಬ ಒಂದು ಗುಡ್ಡೆ ಮೇಲೆ ಕಡ್ಡಿ ಇಟ್ಟು 'ಇದ್ಯಾರ್ದು?' ಅನ್ನಬೇಕು. ಬೆನ್ನು ತಿರುಗಿಸಿದವನು ಬಾಯಿಗೆ ಬಂದ ಹೆಸರು ಹೇಳಬೇಕು. ಕುಯ್ದವನ ಮನೆ ಗುಡ್ಡೆ ಕೊನೆಯದು. ಹಿಡಿದವನಿಗೂ ಕುಯ್ದವನಿಗೂ ಒಂದೇ ಗುಡ್ಡೆ. ಗಂಡ ಸತ್ತ ಹೆಣ್ಣುಮಗಳು ಚೀಟಿ ಕಟ್ಟೋಕೆ ಆಗದಿದ್ದ ವರ್ಷಾನೂ ಒಂದು ಎಲೆ ಹೆಚ್ಚಿಗೆ ಹಾಸಿರ್ತಿದ್ರು, ಯಾಕೆ ಅಂತ ಯಾರೂ ಕೇಳ್ತಿರಲಿಲ್ಲ. ಸಮಾನತೆ ಅನ್ನೋ ಪದ ನಮ್ಮ ಕೇರಿಯಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಎಲೆ ಮೇಲೆ ಇತ್ತು.

ಹುಡುಗ ಕೇಳಿದ್ದ ಪ್ರಶ್ನೆಗೆ ಬರ್ತೀನಿ. ಆ ಫೋರ್ಕಿನ ಕಲೆಗೂ ಒಂದು ಚರಿತ್ರೆ ಇದೆ. 1581ರಲ್ಲಿ ಇಟಲಿಯ ವೆನಿಸ್‌ನಲ್ಲಿ ವಿನ್ಸೆಂಜೊ ಚೆರ್ವಿಯೊ ಅನ್ನೋನ ಪುಸ್ತಕ ಬಂತು, 'ಇಲ್ ತ್ರಿಂಚಾಂತೆ' ಅಂತ. ಬಾಡು ಕುಯ್ಯೋನು ಅಂತ ಅರ್ಥ. ಎಡಗೈ ಫೋರ್ಕಿಗೆ ಬಾಡು ಚುಚ್ಚಿ ಗಾಳಿಯಲ್ಲಿ ಎತ್ತಿ ಹಿಡಿದು, ಬಲಗೈ ಕತ್ತಿಯಿಂದ ಹೆರೆದು, ತುಂಡುಗಳು ನೇರ ತಟ್ಟೆಗೇ ಬೀಳೋ ಹಂಗೆ ಮಾಡೋದು ದೊಡ್ಡ ವಿದ್ಯೆ ಅಂತ ಅದರಲ್ಲಿ ಬರೆದಿದ್ದಾನೆ. ಅಲ್ಲಿ ಅರಮನೆ ಪಂಕ್ತಿಯಲ್ಲಿ ಬಾಡು ಕುಯ್ಯೋದು ಗೌರವದ ಹುದ್ದೆ. ಒಡೆಯನ ಕಣ್ಣೆದುರೇ, ಮೇಜಿನ ಪಕ್ಕದಲ್ಲೇ ನಿಂತು ಮಾಡೋ ಕೆಲಸ. ಹಿಡಿಯೋನು, ಕುಯ್ಯೋನು, ಬಡಿಸೋನು ಮೂವರೂ ಒಬ್ಬನೇ.

ನಮ್ಮಲ್ಲಿ ಪುಸ್ತಕ ಇರಲಿಲ್ವಾ? ಇತ್ತು. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ಮಾಡಿಸಿದ 'ಮಾನಸೋಲ್ಲಾಸ'ದಲ್ಲಿ ಹಂದಿ ಬಾಡು ಸುಡೋದು, ಹೊಲದ ಇಲಿ ಹುರಿಯೋದು ಎಲ್ಲ ಇದೆ. ರಾಜ ತಿಂದ್ರೆ ಶಾಸ್ತ್ರ, ನಾವು ತಿಂದ್ರೆ ಹೊಲಸು. ಆಮೇಲೆ 16ನೇ ಶತಮಾನದಲ್ಲಿ ಮಂಗರಸ ಕನ್ನಡದಲ್ಲೇ 'ಸೂಪಶಾಸ್ತ್ರ' ಬರೆದ, ಅದರಲ್ಲಿ ಬಾಡಿನ ಸುದ್ದಿಯೇ ಇಲ್ಲ. ಇನ್ನು ಕೇರಿಯ ಒಲೆಯ ವಿಷಯಕ್ಕೆ ಪುಸ್ತಕ ಬರೋಕೆ ಎಷ್ಟು ಕಾಲ ಬೇಕಾಯ್ತು ನೋಡಿ. ಮರಾಠಿಯಲ್ಲಿ ಶಾಹು ಪಾಟೋಳೆ ಅವರು ಮರಾಠವಾಡದ ಮಹಾರ್, ಮಾಂಗ್ ಕೇರಿಗಳ ಅಡುಗೆ ಬಗ್ಗೆ 'ಅನ್ನ ಹೇ ಅಪೂರ್ಣ ಬ್ರಹ್ಮ' ಬರೆದದ್ದು 2015ರಲ್ಲಿ. ಕೊರಬಾಡನ್ನ ಹೆಂಗೆ ಒಂದೇ ಸೀಳಿನಲ್ಲಿ ಉದ್ದಕ್ಕೆ ಬಿಡಿಸಿ ಹಗ್ಗಕ್ಕೆ ಹಾಕೋದು ಅಂತ ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದು ಅವರ ಜೊತೇಲೇ ಮಣ್ಣಿಗೆ ಹೋಯ್ತು.

ಬರೀ ಮರೆತು ಹೋಗಿದ್ದಲ್ಲ, ಹೆದರಿಸಿ ಮರೆಸಿದ್ದೂ ಇದೆ. 2021ರ ಜನವರಿಯಿಂದ ಜಾರಿಯಾದ ಜಾನುವಾರು ಹತ್ಯೆ ತಡೆ ಕಾನೂನಿನಲ್ಲಿ 13 ವರ್ಷ ದಾಟಿದ ಎಮ್ಮೆ ಕೋಣ ಬಿಟ್ರೆ ಬೇರೇನೂ ಕುಯ್ಯಂಗಿಲ್ಲ. ತಪ್ಪಿದ್ರೆ 3ರಿಂದ 7 ವರ್ಷ ಜೈಲು, 50,000 ರೂಪಾಯಿಯಿಂದ ಶುರುವಾಗೋ ದಂಡ. 2023ರ ಏಪ್ರಿಲ್ 1ರಂದು ನಮ್ಮ ಕನಕಪುರ ತಾಲ್ಲೂಕಿನ ಸಾತನೂರು ಹತ್ರ, ದನ ಸಾಗಿಸ್ತಿದ್ದ ಮಂಡ್ಯದ ವ್ಯಾಪಾರಿಯೊಬ್ಬ ಹೆಣವಾಗಿ ಸಿಕ್ಕಿದ. ಆಮೇಲಿಂದ ನಮ್ಮ ಕಡೆ ಬಾಡು ಹಿಡ್ಕೊಳ್ಳೋಕೆ ಮುಂಚೆ ಬಾಗಿಲು ಹಾಕ್ಕೊಳ್ಳೋದು ಅಭ್ಯಾಸ ಆಗಿದೆ.

ಬಾಬಾಸಾಹೇಬರು ಈ ಊಟದ ವಿಷಯ ಸಣ್ಣದು ಅಂತ ಬಿಟ್ಟಿರಲಿಲ್ಲ. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲಕ್ಕೆ ಅಂತ ಸಿದ್ಧ ಮಾಡಿ, ಭಾಷಣ ಮಾಡೋಕೆ ಅವಕಾಶ ಸಿಗದೆ ತಾವೇ ಅಚ್ಚು ಹಾಕಿಸಿದ 'ಜಾತಿ ವಿನಾಶ'ದಲ್ಲಿ ಜೈಪುರ ಸಂಸ್ಥಾನದ ಚಕ್ವಾರಾ ಅನ್ನೋ ಹಳ್ಳಿಯ ಕಥೆ ಇದೆ. ಯಾತ್ರೆಗೆ ಹೋಗಿ ಬಂದ ಅಸ್ಪೃಶ್ಯನೊಬ್ಬ ತನ್ನ ಜನಕ್ಕೆ ಊಟ ಹಾಕಿದ, ಊಟದಲ್ಲಿ ತುಪ್ಪ ಬಡಿಸಿದ. ಅಷ್ಟಕ್ಕೇ ನೂರಾರು ಸವರ್ಣೀಯರು ದೊಣ್ಣೆ ಹಿಡ್ಕೊಂಡು ಬಂದು ಊಟ ಹಾಳು ಮಾಡಿ, ಉಣ್ತಾ ಕೂತವರನ್ನ ಬಡಿದು ಓಡಿಸಿದ್ರು. ಗಮನಿಸಿ, ಆತ ತುಪ್ಪ ಬಡಿಸಿದ್ದು ಅವರ ಎಲೆಗೆ ಅಲ್ಲ, ನಮ್ಮ ಎಲೆಗೆ. ನಮ್ಮ ಎಲೆ ಮೇಲೆ ಏನಿರಬೇಕು ಅಂತಾನೂ ಅವರೇ ಹೇಳಬೇಕು ಅನ್ನೋದು ಅಂದಿನ ಜಗಳ.

ಇವತ್ತಿನ ಜಗಳ ಬೇರೆ ಇದೆಯಾ? 2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ 87ನೇ ಕನ್ನಡ ಸಾಹಿತ್ಯ ಸಮ್ಮೇಳನ. ಮಳಿಗೆಯವರಿಗೆ ಕೊಟ್ಟ ಷರತ್ತಿನಲ್ಲಿ ಮದ್ಯ, ತಂಬಾಕಿನ ಪಕ್ಕದಲ್ಲೇ ಮಾಂಸಾಹಾರ ಅಂತ ಬರೆದು ನಿಷೇಧಿಸಿದ್ರು. ಬಾಡೂಟದ ಮಂಡ್ಯದಲ್ಲಿ! 'ಬಾಡೇ ನಮ್ಮ ಗಾಡು' ಅಂತ ಜನ ಬೀದಿಗೆ ಬಂದದ್ದು ಬರೀ ನಾಲಿಗೆ ಚಪಲಕ್ಕಲ್ಲ. ಕನ್ನಡದ ಪಂಕ್ತಿಯಲ್ಲಿ ನಮ್ಮ ಎಲೆ ಇದೆಯೋ ಇಲ್ವೋ ಅಂತ ಕೇಳೋಕೆ. 2025ರ ಜೂನ್‌ನಲ್ಲಿ ಚಾಮರಾಜನಗರ ತಾಲ್ಲೂಕಿನ ಹೊಮ್ಮದಲ್ಲಿ, ಬಿಸಿಯೂಟಕ್ಕೆ ದಲಿತ ಹೆಣ್ಣುಮಗಳು ಮುಖ್ಯ ಅಡುಗೆಯವರಾಗಿ ಬಂದ್ರು ಅಂತ ಪೋಷಕರು ಮಕ್ಕಳ ಟಿಸಿ ತಗೊಂಡು ಬೇರೆ ಶಾಲೆಗೆ ಸೇರಿಸಿದ್ರು ಅಂತ ವರದಿಯಾಯ್ತು. ಸಂವಿಧಾನದ 17ನೇ ವಿಧಿ ಬಂದು ಮುಕ್ಕಾಲು ಶತಮಾನ. ಬಡಿಸೋ ಕೈ ಇನ್ನೂ ಜಾತಿ ಕೇಳ್ತಾನೇ ಇದೆ.

ನಮ್ಮ ಮರಳವಾಡಿ ಮೊದಲು ಕನಕಪುರ ತಾಲ್ಲೂಕು, ಈಗ ಹಾರೋಹಳ್ಳಿ ತಾಲ್ಲೂಕು. ಜಿಲ್ಲೆ ಬೆಂಗಳೂರು ಗ್ರಾಮಾಂತರ ಆಗಿತ್ತು, 2007ರಲ್ಲಿ ರಾಮನಗರ ಆಯ್ತು, 2025ರಲ್ಲಿ ಬೆಂಗಳೂರು ದಕ್ಷಿಣ ಆಯ್ತು. ಹೆಸರು ಇಷ್ಟು ಸಲ ಬದಲಾಗುತ್ತೆ. ಸೌಟು ಎರಡಡಿ ಕೆಳಗಿಳಿಯೋಕೆ ಮಾತ್ರ ಇಷ್ಟು ವರ್ಷ ಬೇಕಾ?

ಚುನಾವಣೆ ಬಂದ್ರೆ ದೊಡ್ಡವರು ದಲಿತರ ಮನೇಲಿ ಊಟ ಮಾಡೋಕೆ ಬರ್ತಾರೆ. ಫೋಟೋ ಬರುತ್ತೆ. ನಾನು ಅವರಿಗೆ ಹೇಳೋದು ಇಷ್ಟೇ. ನಮ್ಮ ಮನೇಲಿ ಕೂತು ಉಣ್ಣೋದು ಸುಲಭ ಸ್ವಾಮಿ, ಅಲ್ಲೂ ಬಡಿಸೋ ಕಷ್ಟ ನಮ್ಮದೇ, ಉಣ್ಣೋ ಸುಖ ನಿಮ್ಮದೇ. ಬರೋದಾದ್ರೆ ಬೆಳಗ್ಗೆ ಬನ್ನಿ. ನಮ್ಮವ್ವ ಹಿಟ್ಟು ತೊಳಸೋವಾಗ ಕವೆಗೋಲು ಮೆಟ್ಟಿ ನಿಂತ್ಕೊಳ್ಳಿ. ನಿಮ್ಮ ಮನೆ ಮದುವೆಯಲ್ಲಿ, ಮೊದಲ ಪಂಕ್ತಿಗೆ, ಹಿಡಿಯೋಕೆ ಕರೆದವನ ಕೈಗೇ ಸೌಟು ಕೊಡಿ. ಅದು ಸಹಭೋಜನ. ಉಳಿದದ್ದು ಫೋಟೋ.

ಚಳವಳಿಯ ಅಣ್ಣಂದಿರಿಗೂ ಒಂದು ಮಾತು, ಬೇಜಾರಾದ್ರೂ ಸರಿ. ನಮ್ಮ ಸಮಾವೇಶಗಳಲ್ಲಿ ಬಾಡು ಕುಯ್ಯೋ ಜಾಗದಲ್ಲಿ ಗಂಡಸರು ಇರ್ತಾರೆ, ಅಲ್ಲಿ ಗತ್ತು ಇದೆ. ವೇದಿಕೆ ಮೇಲೆ ಗಂಡಸರು ಇರ್ತಾರೆ, ಅಲ್ಲಿ ಮೈಕು ಇದೆ. ಹೊಗೆಯಲ್ಲಿ ಪಾತ್ರೆ ಹಿಡಿದು ನಿಂತಿರೋದು, ಈಳಿಗೆಮಣೆ ಮೇಲೆ ಕೂತು ಮಣಗಟ್ಟಲೆ ಈರುಳ್ಳಿ ಹೆಚ್ಚೋದು ನಮ್ಮ ಅವ್ವಂದಿರು, ತಂಗಿಯರು. ಅವರು ಎಲ್ಲರಿಗಿಂತ ಕೊನೆಗೆ ಉಣ್ತಾರೆ, ಅಷ್ಟು ಹೊತ್ತಿಗೆ ಬಾಡು ಮುಗಿದು ಬರೀ ಸಾರು ಉಳಿದಿರುತ್ತೆ. ಊರಿನವರು ನಮಗೆ ಮಾಡಿದ್ದನ್ನ ನಾವು ನಮ್ಮ ಹೆಣ್ಣುಮಕ್ಕಳಿಗೆ ಮಾಡಿದ್ರೆ, ಅದಕ್ಕೆ ಬೇರೆ ಹೆಸರು ಹುಡುಕಬೇಕಾಗಿಲ್ಲ.

ಅದಕ್ಕೆ ಏಪ್ರಿಲ್ 14ರ ಊಟದ ಬಗ್ಗೆ ಇವಾಗಲೇ ಹೇಳ್ತಿದ್ದೀನಿ. ನಮ್ಮ ಹೋಬಳಿಯ ಗೆಳೆಯರು ಸೇರಿ ಮೂರು ನಿಯಮ ಮಾಡ್ಕೊಂಡಿದ್ದೀವಿ. ಒಂದು, ಭಾಷಣ ಮಾಡೋರು ಬೆಳಗ್ಗೆ ಆರಕ್ಕೆ ಬಂದು ಒಂದು ಗಂಟೆ ಪಾತ್ರೆನೋ ತೊಡೆನೋ ಹಿಡೀಬೇಕು, ಇಲ್ಲಾಂದ್ರೆ ಮೈಕಿಲ್ಲ. ಎರಡು, ಮೊದಲ ಪಂಕ್ತಿಯಲ್ಲಿ ಅಡುಗೆ ಮಾಡಿದ ಹೆಣ್ಣುಮಕ್ಕಳು ಕೂರ್ತಾರೆ, ಗಂಡಸರು ಬಡಿಸ್ತಾರೆ. ಮೂರು, ಬಡಿಸೋರು ಬಗ್ಗಬೇಕು. ಸೌಟು ಎಲೆಗೆ ಎರಡು ಬೆರಳು ದೂರದಲ್ಲಿರಬೇಕು. ಸೊಂಟ ನೋವು ಬರುತ್ತೆ, ಬರಲಿ.

ಹಿಡಿಯೋಕೆ ಕೈ ಸಾಲದು, ಬರೋರು ಕಾಮೆಂಟಲ್ಲಿ ಹೆಸರು ಹಾಕಿ. ಕೊರಡು, ಗೋಣಿಚೀಲ, ಬೂದಿ ನಮ್ಮದು.

ಜೈ ಭೀಮ್.